ಹಿತ್ತಿಲ ಪ್ರಶ್ನೋತ್ತರ: ಕಾಂಪೌಂಡಿನ ಆಚೀಚೆಯ ಮಾಗಿ ಮಾತು

ಈ ತಿಂಗಳು ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ಹೆಚ್ಚುಕಡಿಮೆ ಪ್ರತಿಯೊಂದರಲ್ಲಿಯೂ ಪಕ್ಕದ ಮನೆಯವರೊಬ್ಬರು ಕಾಣಿಸಿಕೊಂಡರು. ಅವರು ಏನೋ ಹೇಳಿದ್ದಾರೆ, ಅದು ನಿಜವೇ ಎಂದು ನಮ್ಮನ್ನು ಕೇಳಲಾಗಿದೆ. ಇದು ಋತುವಿನ ಗುಣವೇ ಇರಬೇಕು. ಮಳೆಗಾಲದಲ್ಲಿ ಹಿತ್ತಿಲಿಗೆ ಹೋದವರು ಬೇಗ ಒಳಗೆ ಬರುತ್ತಾರೆ, ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ನೀರು ಹಾಯಿಸಿ ಬಾಗಿಲು ಹಾಕಿಕೊಳ್ಳುತ್ತಾರೆ. ಮಾಗಿಯಲ್ಲಿ ಮಾತ್ರ ಕಾಫಿ ಲೋಟ ಹಿಡಿದು, ಎಳೆಬಿಸಿಲು ಬೀಳುವ ಜಾಗವನ್ನು ಹುಡುಕಿ ನಿಂತು, ಕಾಂಪೌಂಡಿನ ಆಚೆ ಇರುವವರೊಡನೆ ‘ಏನ್ರೀ, ಚಳಿ ಜೋರಾಯಿತಲ್ಲ’ ಎಂದು ಮಾತು ತೆಗೆಯುತ್ತಾರೆ. ಚಳಿಯಿಂದ ಹೊರಟ ಮಾತು ಎರಡನೆಯ ಗುಟುಕಿನ ಹೊತ್ತಿಗೆ ಗಿಡಕ್ಕೆ ಬಂದಿರುತ್ತದೆ. ಆ ಮಾತುಗಳಲ್ಲಿ ಕೆಲವು ಅಪ್ಪಟ ಸತ್ಯ, ಕೆಲವು ಬೇರೆ ಊರಿನ ಮಣ್ಣಿಗೆ ಸಲ್ಲುವ ಸತ್ಯ, ಇನ್ನು ಕೆಲವು ಯಾವ ಊರಿಗೂ ಸಲ್ಲದವು. ಈ ಸಂಚಿಕೆಯಲ್ಲಿ ಅವನ್ನು ಕೇರಿ ನೋಡಿದ್ದೇವೆ.

ಪ್ರಶ್ನೆ: ಜೂನ್ ತಿಂಗಳಲ್ಲಿ ನಾಟಿ ಅವರೆಯ ನಾಲ್ಕು ಬೀಜಗಳನ್ನು ಹಿತ್ತಿಲಲ್ಲಿ ಊರಿದೆ. ಬಳ್ಳಿ ಚಪ್ಪರ ತುಂಬಿತು, ಆದರೆ ನಾಲ್ಕು ತಿಂಗಳಾದರೂ ಒಂದು ಹೂವೂ ಕಾಣಲಿಲ್ಲ. ಎದುರು ಮನೆಯ ಹಿರಿಯರು ಗೊಬ್ಬರ ಸಾಲದು ಎಂದರು. ಹಾಕಿದೆ; ಸೊಪ್ಪು ಇನ್ನಷ್ಟು ದಟ್ಟವಾಯಿತು. ಬೇಸತ್ತು ಕೈಬಿಟ್ಟ ಮೇಲೆ ಈಗ ಗೊಂಚಲು ಗೊಂಚಲಾಗಿ ಹೂವು ಬಿಟ್ಟಿದೆ. ತಡವಾಗಿಯಾದರೂ ಗೊಬ್ಬರ ಫಲ ಕೊಟ್ಟಿತೆಂದು ತಿಳಿಯಬಹುದೇ? (ಮೈಸೂರಿನಿಂದ ಒಬ್ಬ ಓದುಗರು)

ಉತ್ತರ: ಗೊಬ್ಬರಕ್ಕೂ ಈ ಹೂವಿಗೂ ಸಂಬಂಧವಿಲ್ಲ. ನಾಟಿ ಅವರೆ ಹೂವು ಬಿಡುವುದು ರಾತ್ರಿಯ ಉದ್ದವನ್ನು ಅಳೆದು. ಬೆಂಗಳೂರು, ಮೈಸೂರುಗಳ ಅಕ್ಷಾಂಶದಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷವಿದ್ದರೆ ಡಿಸೆಂಬರ್ ತಿಂಗಳ ಅತಿ ಸಣ್ಣ ಹಗಲು ಸುಮಾರು 11 ಗಂಟೆ 20 ನಿಮಿಷ. ನಮಗೆ ಲೆಕ್ಕಕ್ಕೇ ಬಾರದ ಈ ಒಂದೂವರೆ ಗಂಟೆಯ ವ್ಯತ್ಯಾಸ ಅವರೆಯ ಬಳ್ಳಿಗೆ ದೊಡ್ಡ ಸಂಗತಿ. ಹಗಲು ಕುಗ್ಗುತ್ತ ಬಂದು ರಾತ್ರಿ ಒಂದು ಮಿತಿಗಿಂತ ಉದ್ದವಾಗುವ ತನಕ ಅದು ಎಲೆಯನ್ನಷ್ಟೇ ಬೆಳೆಸುತ್ತದೆ. ಆಮೇಲೆ ನೀವು ಬೇಡವೆಂದರೂ ಹೂವು ಬಿಡುತ್ತದೆ. ಎದುರು ಮನೆಯ ಹಿರಿಯರು ಹೇಳಿದ ಗೊಬ್ಬರದಲ್ಲಿದ್ದ ಸಾರಜನಕ ಸೊಪ್ಪಿಗೆ ಹೋಯಿತು, ಅದು ಹೋಗುವುದೇ ಅಲ್ಲಿಗೆ.

ಹಳೆ ಮೈಸೂರು ಭಾಗದ ರೈತರು ಇದನ್ನು ಪುಸ್ತಕ ನೋಡಿ ಕಲಿತವರಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆಯನ್ನು ಬಿತ್ತಿ, ರಾಗಿ ಕೊಯ್ಲಾಗುವ ತನಕ ಅದನ್ನು ಸುಮ್ಮನೆ ಬಿಟ್ಟಿರುತ್ತಿದ್ದರು. ರಾಗಿ ಹೊಲದಿಂದ ಎದ್ದು, ಬಿಸಿಲೂ ಜಾಗವೂ ಸಿಕ್ಕಿ, ರಾತ್ರಿಯೂ ಉದ್ದವಾಗುವ ಹೊತ್ತಿಗೆ ಅವರೆಯ ಸರದಿ ಬರುತ್ತಿತ್ತು. ಒಂದು ಬೆಳೆ ಮುಗಿಯುವುದೂ ಇನ್ನೊಂದು ಆರಂಭವಾಗುವುದೂ ಇಷ್ಟು ಹೊಂದಿಕೊಂಡಿರುವುದನ್ನು ನೋಡಿದರೆ ಆ ಜೋಡಿಯನ್ನು ಮೊದಲು ಕಂಡುಕೊಂಡವರ ಬಗ್ಗೆ ಗೌರವ ಹುಟ್ಟುತ್ತದೆ.

ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬೇಕೆನ್ನುವವರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳಿವೆ. ಅವು ಹಗಲಿನ ಉದ್ದವನ್ನು ಲೆಕ್ಕಿಸುವುದಿಲ್ಲ, ಬಳ್ಳಿಯಾಗಿ ಹಬ್ಬದೆ ಗಿಡವಾಗಿಯೇ ನಿಲ್ಲುತ್ತವೆ. ಆದ್ದರಿಂದ ತಾರಸಿಯ ಕುಂಡಗಳಿಗೂ ಅನುಕೂಲ. ಆದರೆ ಇಬ್ಬನಿಯಲ್ಲಿ ನೆನೆದ ನಾಟಿ ಅವರೆಯ ಸೊಗಡು, ಕಾಯಿ ಸುಲಿದ ಮೇಲೆ ಸೋಪು ಹಾಕಿ ತೊಳೆದರೂ ಬೆರಳಿನಿಂದ ಬಿಡದ ಆ ಜಿಡ್ಡಿನ ವಾಸನೆ, ಅವುಗಳಲ್ಲಿ ಅಷ್ಟಾಗಿ ಇಲ್ಲವೆಂಬುದು ಹಿತಕಿದ ಬೇಳೆ ಸಾರು ಮಾಡುವವರ ದೂರು. ಈ ಅಂಕಣಕಾರರೂ ಆ ದೂರುದಾರರಲ್ಲಿ ಒಬ್ಬರು. ನಿಮ್ಮ ಚಪ್ಪರದಲ್ಲಿ ಈಗ ಮಾಡಬೇಕಾದ ಕೆಲಸ ಒಂದೇ: ಹೂಗೊಂಚಲಿನ ಬುಡದಲ್ಲಿ ಕಪ್ಪು ಹೇನು ಕೂತಿದೆಯೇ ಎಂದು ಎರಡು ದಿನಕ್ಕೊಮ್ಮೆ ನೋಡುವುದು. ಬಳ್ಳಿಯ ಮೇಲೆ ಇರುವೆಗಳ ಸಾಲು ಹತ್ತುತ್ತಿದ್ದರೆ ಹೇನು ಇದೆಯೆಂದೇ ಅರ್ಥ, ಏಕೆಂದರೆ ಇರುವೆ ಬರುವುದು ಹೇನು ಸ್ರವಿಸುವ ಸಿಹಿ ಅಂಟಿಗಾಗಿ. ಗುಲಗಂಜಿ ಹುಳುಗಳು ಕಂಡರೆ ಏನನ್ನೂ ಸಿಂಪಡಿಸದೆ ನಾಲ್ಕು ದಿನ ಕಾಯಿರಿ, ಅವು ಹೇನನ್ನು ತಿಂದು ಮುಗಿಸುತ್ತವೆ. ಕಾಣದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಅದು ಬೆರೆಯುವಷ್ಟು ಸೋಪಿನ ದ್ರಾವಣ ಹಾಕಿ, ಜೇನುನೊಣಗಳು ಗೂಡಿಗೆ ಮರಳಿದ ಮೇಲೆ, ಸಂಜೆಯ ಹೊತ್ತು ಸಿಂಪಡಿಸಬಹುದು.

ಪ್ರಶ್ನೆ: ಒಂದೇ ಗಿಡದಿಂದ ಬಿಡಿಸಿದ ಸೇವಂತಿಗೆಯ ಎರಡು ಸಸಿಗಳಲ್ಲಿ ಒಂದನ್ನು ಗೇಟಿನ ಬಳಿ, ಇನ್ನೊಂದನ್ನು ಹಿಂಬದಿಯ ಬಾವಿಕಟ್ಟೆಯ ಬಳಿ ಇಟ್ಟಿದ್ದೇನೆ. ಹಿಂದಿನದು ತುಂಬ ಹೂವಾಗಿದೆ, ಗೇಟಿನ ಬಳಿಯದು ಮೊಗ್ಗೇ ಕಟ್ಟಿಲ್ಲ. ದೃಷ್ಟಿಯಾಗಿದೆ ಎಂದು ಪಕ್ಕದ ಮನೆಯಾಕೆ ಹೇಳುತ್ತಾರೆ. (ತುಮಕೂರು)

ಉತ್ತರ: ದೃಷ್ಟಿ ಬಿದ್ದಿರುವುದು ಬೀದಿದೀಪದ್ದು. ಸೇವಂತಿಗೆಯೂ ಅವರೆಯ ಹಾಗೆಯೇ ಉದ್ದವಾದ, ಅಡ್ಡಿಯಿಲ್ಲದ ಕತ್ತಲೆಯನ್ನು ಬೇಡುವ ಗಿಡ. ರಾತ್ರಿಯಿಡೀ ಕಂಬದ ಬೆಳಕು ನೇರವಾಗಿ ಎಲೆಗಳ ಮೇಲೆ ಬೀಳುತ್ತಿದ್ದರೆ ಗಿಡದ ಪಾಲಿಗೆ ಇನ್ನೂ ಹಗಲು ಮುಗಿದಿಲ್ಲ. ವಾಣಿಜ್ಯ ಬೆಳೆಗಾರರು ಹೂವನ್ನು ಬೇಕಾದ ದಿನಕ್ಕೆ ತಳ್ಳಲು ರಾತ್ರಿ ಬಲ್ಬು ಉರಿಸುವುದೂ ಇದೇ ಉಪಾಯದಿಂದ. ಅವರು ದುಡ್ಡು ಕೊಟ್ಟು ಮಾಡುವುದನ್ನು ನಿಮ್ಮ ಗೇಟಿನ ಕಂಬ ಪುಕ್ಕಟೆಯಾಗಿ ಮಾಡಿದೆ. ಕುಂಡವಾದ್ದರಿಂದ ಪರಿಹಾರ ಸುಲಭ. ಎತ್ತಿ ಹಿಂಬದಿಗೆ ಇಡಿ. ಜರುಗಿಸಲಾಗದಿದ್ದರೆ ಸಂಜೆ ಆರರಿಂದ ಬೆಳಗ್ಗೆ ಏಳರ ತನಕ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮಗುಚಿ ಮುಚ್ಚಿಡಿ, ಒಂದು ರಾತ್ರಿಯೂ ತಪ್ಪಿಸದಂತೆ ಕೆಲವು ವಾರ ಮಾಡಿದರೆ ಮೊಗ್ಗು ಕಾಣುತ್ತದೆ. ಹಿಂದಿನ ಗಿಡದ ಹೂವು ಮುಗಿದ ಮೇಲೆ ಅದನ್ನು ಕಿತ್ತು ಎಸೆಯಬೇಡಿ. ಗೇಣುದ್ದ ಉಳಿಸಿ ಕತ್ತರಿಸಿದರೆ ಬುಡದಿಂದ ಮರಿಗಿಡಗಳು ಏಳುತ್ತವೆ, ಮುಂದಿನ ವರ್ಷದ ಸಸಿಗಳು ಅವೇ. ಎರಡನ್ನು ಆ ಪಕ್ಕದ ಮನೆಯಾಕೆಗೂ ಕೊಡಿ.

ಪ್ರಶ್ನೆ: ನಮ್ಮ ತಾರಸಿಯಲ್ಲಿ ನಲವತ್ತು ಕುಂಡಗಳಿವೆ. ಬೇಸಿಗೆಯಿಂದಲೂ ದಿನಕ್ಕೆ ಎರಡು ಸಲ ನೀರು ಹಾಕುವ ಅಭ್ಯಾಸ. ಈಗ ಅನೇಕ ಗಿಡಗಳ ಎಲೆ ಹಳದಿಯಾಗಿ ಉದುರುತ್ತಿವೆ, ಕರಿಬೇವು ಚಿಗುರುವುದನ್ನೇ ನಿಲ್ಲಿಸಿದೆ. ಚಳಿಯ ಹೊಡೆತಕ್ಕೆ ಹೀಗಾಗಿದೆ, ಪ್ಲಾಸ್ಟಿಕ್ ಹೊದಿಸಿ ಎಂದು ಕೆಳಮನೆಯವರು ಹೇಳಿದ್ದಾರೆ. ಹೊದಿಸಬೇಕೇ? (ಬೆಂಗಳೂರು)

ಉತ್ತರ: ಬೇಡ. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ ಸೆಲ್ಸಿಯಸ್. ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಅದೂ ಬಹಳ ದೂರ. ಹಿಮ ಬೀಳುವ ದೇಶಗಳ ತೋಟಗಾರರು ತಮ್ಮ ಗಿಡಗಳಿಗೆ ಹೊದಿಕೆ ಹಾಕುವ ವಿಡಿಯೋ ನೋಡಿ ನಾವೂ ಹಾಗೆ ಮಾಡಿದರೆ, ಹಗಲಿನ ಬಿಸಿಲಿಗೆ ಪ್ಲಾಸ್ಟಿಕ್ಕಿನ ಒಳಗೆ ಹಬೆ ಕಟ್ಟಿ ಗಿಡ ಬೇಯುತ್ತದೆ. ನಿಮ್ಮ ಗಿಡಗಳನ್ನು ಕಾಡುತ್ತಿರುವುದು ನೀರು.

ಬಿಸಿಲು ಓರೆಯಾಗಿ ಬೀಳುವ, ಹಗಲು ಚಿಕ್ಕದಾದ ಈ ದಿನಗಳಲ್ಲಿ ಗಿಡ ಹೀರುವ ನೀರೂ ಕಡಿಮೆ, ಕುಂಡದಿಂದ ಆರುವ ನೀರೂ ಕಡಿಮೆ. ಆದರೆ ನೀರು ಹಾಕುವ ಕೈಗೆ ಇದು ಗೊತ್ತಾಗುವುದಿಲ್ಲ, ಅದು ಏಪ್ರಿಲ್ ತಿಂಗಳ ಲೆಕ್ಕದಲ್ಲಿಯೇ ನಡೆಯುತ್ತಿರುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರೇ ನಿಂತಾಗ ಬೇರು ಉಸಿರುಕಟ್ಟಿ ಕೊಳೆಯುತ್ತದೆ, ಕೊಳೆತ ಬೇರು ನೀರನ್ನು ಮೇಲೆ ಕಳಿಸಲಾರದೆ ಎಲೆ ಬಾಡುತ್ತದೆ, ಬಾಡಿದ ಎಲೆಯನ್ನು ಕಂಡು ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ತೋರುಬೆರಳನ್ನು ಎರಡು ಗೆಣ್ಣು ಮುಳುಗುವಷ್ಟು ಮಣ್ಣಿಗೆ ಇಳಿಸಿ ನೋಡಿ. ತೇವ ಅಂಟಿದರೆ ಆ ದಿನ ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ಹನಿಯುವ ತನಕ ಹಾಕಿ. ದೊಡ್ಡ ಕುಂಡಗಳಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಸಾಕಾಗುತ್ತದೆ, ಸೊಪ್ಪಿನ ಟ್ರೇಗಳಿಗೆ ದಿನ ಬಿಟ್ಟು ದಿನ ಬೇಕಾಗಬಹುದು. ಕುಂಡದ ಕೆಳಗಿನ ತಟ್ಟೆಗಳನ್ನು ಶಿವರಾತ್ರಿಯ ತನಕ ತೆಗೆದಿಡಿ. ನೀರು ಹಾಕುವ ಹೊತ್ತು ಬೆಳಗ್ಗೆ ಎಂಟರ ಮೇಲಾಗಲಿ. ಸಂಜೆ ಎಲೆಯ ಮೇಲೆ ನೀರು ಬಿದ್ದರೆ ಅದು ರಾತ್ರಿಯ ಇಬ್ಬನಿಯೊಡನೆ ಸೇರಿ ಬೆಳಗಿನ ತನಕ ಆರದೆ ಶಿಲೀಂಧ್ರಗಳಿಗೆ ಹಾಸಿಗೆಯಾಗುತ್ತದೆ.

ಕರಿಬೇವಿನ ವಿಷಯ ಬೇರೆ. ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿದಾಗ ಅದು ನಿದ್ದೆಗೆ ಜಾರುತ್ತದೆ, ಹಳೆಯ ಎಲೆಗಳನ್ನು ಉದುರಿಸುತ್ತದೆ. ಇದು ಕಾಯಿಲೆಯಲ್ಲ. ಗೊಬ್ಬರ ಹಾಕಿ ಎಬ್ಬಿಸಲು ಹೋಗಬೇಡಿ. ಹುಳಿ ಮಜ್ಜಿಗೆಯ ಬಗ್ಗೆ ಕೇಳುವವರು ಬಹಳ ಮಂದಿ. ಗಡುಸಾದ ಕೊಳವೆಬಾವಿ ನೀರನ್ನೇ ಹಾಕುವ ಕುಂಡಗಳಲ್ಲಿ ಮಣ್ಣು ಕ್ಷಾರಕ್ಕೆ ತಿರುಗಿ, ಹೊಸ ಎಲೆಗಳಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಅಂಥ ಕಡೆ ತೆಳ್ಳಗೆ ಮಾಡಿದ ಮಜ್ಜಿಗೆಯನ್ನು ತಿಂಗಳಿಗೊಮ್ಮೆ ಹಾಕುವುದರಿಂದ ಸ್ವಲ್ಪ ಉಪಯೋಗ ಉಂಟು. ವಾರಕ್ಕೊಮ್ಮೆ ಹಾಕಿದರೆ ಕುಂಡ ನಾರುತ್ತದೆ, ಇಲಿಯೂ ಬರುತ್ತದೆ.

ಪ್ರಶ್ನೆ: ಟೊರಾಂಟೊದಲ್ಲಿರುವ ಮಗಳ ಮನೆಯ ಕರಿಬೇವಿನ ಕುಂಡವನ್ನು ಹಿಮ ಬೀಳುವ ಮುನ್ನ ಒಳಗೆ ತಂದಿಟ್ಟಿದ್ದಾರೆ. ಎಲೆಯೆಲ್ಲ ಉದುರಿ ಕಡ್ಡಿ ಉಳಿದಿದೆ. ಎಸೆಯುವುದೇ? (ಹಾಸನ)

ಉತ್ತರ: ಎಸೆಯಬಾರದು. ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಲು ಹೇಳಿ. ಒಳಗೆ ಹಸಿರಿದ್ದರೆ ಗಿಡ ಬದುಕಿದೆ. ದಕ್ಷಿಣಕ್ಕೆ ತೆರೆದ ಕಿಟಕಿಯ ಬಳಿ ಇಟ್ಟು, ಮಣ್ಣು ಚೆನ್ನಾಗಿ ಆರಿದ ಮೇಲೆ ಮಾತ್ರ ಸ್ವಲ್ಪ ನೀರು ಕೊಡಲಿ, ಮನೆ ಬೆಚ್ಚಗಿಡುವ ಹೀಟರಿನ ಗಾಳಿ ನೇರವಾಗಿ ಬಡಿಯದಂತೆ ನೋಡಿಕೊಳ್ಳಲಿ. ಆ ಒಣ ಗಾಳಿಯಲ್ಲಿ ಎಲೆಯ ಅಡಿಗೆ ಸಣ್ಣ ನುಸಿ ಬಲೆ ಕಟ್ಟುವುದುಂಟು, ವಾರಕ್ಕೊಮ್ಮೆ ಸ್ನಾನದ ಮನೆಯಲ್ಲಿ ಗಿಡಕ್ಕೂ ಒಂದು ಸ್ನಾನ ಮಾಡಿಸಿದರೆ ಅದು ತೊಳೆದುಹೋಗುತ್ತದೆ. ಇಲ್ಲಿಂದ ಇನ್ನೊಂದು ಸಸಿಯನ್ನು ಸೂಟ್‌ಕೇಸಿನಲ್ಲಿ ಒಯ್ಯುವ ಆಲೋಚನೆ ಮಾತ್ರ ಬೇಡ. ಕಿತ್ತಳೆ, ನಿಂಬೆ ಜಾತಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ; ಅನೇಕ ದೇಶಗಳು ಆ ಭಯದಿಂದಲೇ ಅದರ ಮೇಲೆ ಕಟ್ಟುನಿಟ್ಟು ಮಾಡಿವೆ.

ಪ್ರಶ್ನೆ: ನಮ್ಮ ಬಚ್ಚಲೊಲೆಯಲ್ಲಿ ಚಳಿಗಾಲದಲ್ಲಿ ದಿನವೂ ಒಂದು ಬುಟ್ಟಿ ಬೂದಿ ಆಗುತ್ತದೆ. ಅತ್ತೆಯವರು ಅದನ್ನು ತರಕಾರಿ ಮಡಿಗೆ ಹಾಕುತ್ತಾರೆ, ಒಳ್ಳೆಯ ಫಲವೂ ಬರುತ್ತದೆ. ವಿಜಯಪುರದಲ್ಲಿರುವ ನನ್ನ ತಂಗಿಯ ನೆರೆಯವರು ಬೂದಿ ಹಾಕಿದರೆ ಗಿಡ ಸುಡುತ್ತದೆ ಎನ್ನುತ್ತಾರಂತೆ. ಯಾರ ಮಾತು ಸರಿ? (ಸಾಗರ ತಾಲ್ಲೂಕಿನ ಒಬ್ಬ ಗೃಹಿಣಿ)

ಉತ್ತರ: ನಿಮ್ಮ ಅತ್ತೆಯವರ ಮಾತು ಸಾಗರದಲ್ಲಿ ಸರಿ, ತಂಗಿಯ ನೆರೆಯವರ ಮಾತು ವಿಜಯಪುರದಲ್ಲಿ ಸರಿ. ಸೌದೆಯ ಬೂದಿಯಲ್ಲಿ ಹೆಚ್ಚು ಇರುವುದು ಸುಣ್ಣದ ಅಂಶ. ಪೊಟ್ಯಾಷ್ ತಕ್ಕಮಟ್ಟಿಗೆ ಇದೆ, ರಂಜಕ ಸ್ವಲ್ಪ, ಸಾರಜನಕ ಉರಿದುಹೋಗಿರುವುದರಿಂದ ಇಲ್ಲವೇ ಇಲ್ಲ. ಮಲೆನಾಡಿನಲ್ಲಿ ಜೋರು ಮಳೆ ಮಣ್ಣಿನ ಸುಣ್ಣವನ್ನು ತೊಳೆದುಕೊಂಡು ಹೋಗುವುದರಿಂದ ಜಂಬಿಟ್ಟಿಗೆಯ ಮಣ್ಣು ಹುಳಿಯಾಗಿರುತ್ತದೆ. ಮಳೆ ಕಸಿದುಕೊಂಡದ್ದನ್ನು ಬಚ್ಚಲೊಲೆ ಮರಳಿ ಕೊಡುತ್ತದೆ. ವಿಜಯಪುರದ ಎರೆಮಣ್ಣು ಮೊದಲೇ ಕ್ಷಾರ, ಸುಣ್ಣದ ಕಲ್ಲುಗಳೇ ಅದರಲ್ಲಿ ಬೆರೆತಿರುತ್ತವೆ. ಅಲ್ಲಿ ಬೂದಿ ಹಾಕುವುದು ಉಪ್ಪಿನಕಾಯಿಗೆ ಉಪ್ಪು ಸಾಲದೆಂದು ಮತ್ತೆ ಸುರಿದಂತೆ.

ಸಾಗರದಲ್ಲಿಯೂ ಮಿತಿ ಇರಲಿ. ಗಿಡವೊಂದಕ್ಕೆ ತಿಂಗಳಿಗೆ ಒಂದು ಹಿಡಿ, ಕಾಂಡಕ್ಕೆ ತಾಗದಂತೆ ಸುತ್ತ ಎರಚಿ ಮಣ್ಣಿನಲ್ಲಿ ಬೆರೆಸಿದರೆ ಸಾಕು. ಹಸಿ ಸಗಣಿಯೊಡನೆ ಅಥವಾ ಯೂರಿಯಾದೊಡನೆ ಕಲಸಬೇಡಿ. ಕ್ಷಾರ ತಾಗಿದೊಡನೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ, ಮೂಗಿಗೆ ಬಡಿಯುವ ಘಾಟು ಅದರದ್ದೇ. ಒಲೆಗೆ ಪ್ಲಾಸ್ಟಿಕ್ ಕವರು, ಬಣ್ಣ ಬಳಿದ ಹಲಗೆ ಹಾಕಿದ್ದ ದಿನದ ಬೂದಿ ತರಕಾರಿಗೆ ಬೇಡ. ನಿಮ್ಮ ಅಂಗಳದಲ್ಲಿ ನೀಲಿ ಹೂವಿನ ಹೈಡ್ರೇಂಜಿಯ ಇದ್ದರೆ ಅದರ ಬುಡಕ್ಕೂ ಬೇಡ, ಏಕೆಂದರೆ ಆ ನೀಲಿ ಹುಳಿಮಣ್ಣಿನ ಬಣ್ಣ. ಬೂದಿ ಬಿದ್ದು ಹುಳಿ ಇಳಿದಂತೆ ಹೂವು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದೇ ಬೇಕೆನ್ನುವವರು ಹಾಕಿ ನೋಡಬಹುದು.

ಪ್ರಶ್ನೆ: ಗುಲಾಬಿಯ ಎಳೆ ಎಲೆಗಳ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಆಗಿದೆ. ಒಲೆಯ ಬೂದಿ ಹಾಕಿದ್ದರಿಂದಲೇ ಬೂದಿರೋಗ ಬಂತೆಂದು ಪಕ್ಕದವರು ನಗುತ್ತಿದ್ದಾರೆ. ಗಿಡಗಳನ್ನು ಯಾವಾಗ ಸವರಬೇಕೆಂಬುದನ್ನೂ ತಿಳಿಸಿ. (ಬೆಳಗಾವಿ)

ಉತ್ತರ: ಹೆಸರೊಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಬರುವುದಿಲ್ಲ. ಬೂದಿರೋಗ ಒಂದು ಶಿಲೀಂಧ್ರ. ಹಗಲು ಒಣಹವೆ, ರಾತ್ರಿ ತಂಪು ಮತ್ತು ಇಬ್ಬನಿ ಇರುವ ಈ ದಿನಗಳು ಅದಕ್ಕೆ ಹೇಳಿಮಾಡಿಸಿದ ಕಾಲ. ಗುಲಾಬಿಯಷ್ಟೇ ಅಲ್ಲದೆ ಬಟಾಣಿ, ಸೌತೆ, ಕುಂಬಳದ ಎಲೆಗಳ ಮೇಲೂ ಬರುತ್ತದೆ. ಹೆಚ್ಚು ಹಿಡಿದ ಕುಡಿಗಳನ್ನು ಕತ್ತರಿಸಿ ತೆಗೆಯಿರಿ. ಆರಂಭದಲ್ಲಿಯೇ ಕಂಡರೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲಿರುವಾಗ ವಾರಕ್ಕೊಮ್ಮೆ ಸಿಂಪಡಿಸಿದರೆ ಹತೋಟಿಗೆ ಬರುವುದುಂಟು. ಜಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕದ ಪುಡಿಯನ್ನು ಲೀಟರಿಗೆ 2ರಿಂದ 3 ಗ್ರಾಂನಂತೆ ಬಳಸಿ. ಬೇವಿನ ಎಣ್ಣೆ ಹೊಡೆದು ಎರಡು ವಾರ ಕಳೆಯುವ ಮುನ್ನ ಗಂಧಕ ಹೊಡೆಯಬಾರದು, ಎರಡೂ ಸೇರಿದರೆ ಎಲೆ ಸುಡುತ್ತದೆ.

ಸವರುವುದಕ್ಕೆ ಲೆಕ್ಕ ಸರಳವಾಗಿದೆ. ಸವರಿದ ಗುಲಾಬಿ ಮತ್ತೆ ಹೂವು ಬಿಡಲು ಸುಮಾರು 45 ದಿನ ಬೇಕು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತಿಗೆ ನಿಮ್ಮ ಅಂಗಳದಲ್ಲಿಯೂ ಹೂವು ಬೇಕೆಂದರೆ ಡಿಸೆಂಬರ್ ತಿಂಗಳ ಎರಡನೆಯ ವಾರದೊಳಗೆ ಕತ್ತರಿ ಹಿಡಿಯಬೇಕು. ಹೊರಮುಖವಾಗಿರುವ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ. ಒಳಮುಖದ ಕಣ್ಣಿಗೆ ಕತ್ತರಿಸಿದರೆ ಚಿಗುರೆಲ್ಲ ನಡುವಿಗೆ ನುಗ್ಗಿ, ಗಾಳಿಯಾಡದೆ, ಮತ್ತೆ ಅದೇ ಬೂದಿರೋಗ.

ಪ್ರಶ್ನೆ: ಕುಂಡದಲ್ಲಿ ಹವ್ಯಾಸಕ್ಕೆಂದು ಕಡಲೆ ಹಾಕಿದ್ದೇನೆ. ‘ಕುಡಿ ಚೂಟ್ರಿ, ಪಲ್ಯಾನೂ ಆಕ್ಕೈತಿ, ಗಿಡಾನೂ ಹೆಚ್ಗೊಂತೈತಿ’ ಎಂದು ನೆರೆಯ ಅಜ್ಜಿ ಹೇಳುತ್ತಾರೆ. ಕಿತ್ತರೆ ಇಳುವರಿ ಕಡಿಮೆಯಾಗುವುದಿಲ್ಲವೇ? (ಗದಗ)

ಉತ್ತರ: ಈ ತಿಂಗಳ ಪತ್ರಗಳಲ್ಲಿ ನೂರಕ್ಕೆ ನೂರು ಅಂಕ ಪಡೆದವರು ನಿಮ್ಮ ಅಜ್ಜಿ. ಬಿತ್ತಿ 30ರಿಂದ 35 ದಿನಗಳಾದಾಗ ತುದಿಯ ಕುಡಿಯನ್ನು ಚಿವುಟಿದರೆ ಪಕ್ಕದ ಕೊಂಬೆಗಳು ಒಡೆದು ಗಿಡ ಹರಡಿಕೊಳ್ಳುತ್ತದೆ, ಕಾಯಿ ಕಟ್ಟುವ ಜಾಗ ಹೆಚ್ಚುತ್ತದೆ. ಹೂವು ಬಂದ ಮೇಲೆ ಮಾತ್ರ ಚಿವುಟಬಾರದು. ಸೊಪ್ಪು ಕಿತ್ತ ಕೈಯನ್ನು ನಾಲಿಗೆಗೆ ತಾಗಿಸಿದರೆ ಹುಳಿ ಹತ್ತುವುದು ಎಲೆಯ ಮೇಲಿನ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುವುದರಿಂದ. ಈ ಹುಳಿಯೇ ಕಡಲೆ ಪಲ್ಯದ ರುಚಿ. ಕುಂಡವೆಂದು ದಿನವೂ ನೀರು ಹಾಕುತ್ತಿದ್ದರೆ ನಿಲ್ಲಿಸಿ. ಹಿಂಗಾರಿಯಲ್ಲಿ ಎರೆಹೊಲದ ಕಡಲೆ ಮಣ್ಣಿನಾಳದ ತೇವವನ್ನು ನಂಬಿ ಬೆಳೆಯುವುದೇ ಹೊರತು ಮೇಲೆ ಹಾಕುವ ನೀರನ್ನಲ್ಲ. ನೀರು ಹೆಚ್ಚಾದರೆ ಸೊರಗುರೋಗ ಬರುತ್ತದೆ. ಎಳ್ಳಮಾವಾಸ್ಯೆಗೆ ಊರಿನವರೆಲ್ಲ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವಾಗ ನಿಮ್ಮ ಕುಂಡಕ್ಕೂ ನಾಲ್ಕು ಅಗುಳು ಬೀಳಲಿ, ಅಜ್ಜಿ ಮೆಚ್ಚುತ್ತಾರೆ.

ಪ್ರಶ್ನೆ: ಮನೆಯಂಗಳದ ಆಪೂಸ್ ಮಾವಿನ ಮರಕ್ಕೆ ಡಿಸೆಂಬರಿನಲ್ಲಿ ಬುಡ ಬಿಡಿಸಿ ಗೊಬ್ಬರ, ನೀರು ಕೊಟ್ಟರೆ ಹೂವು ಹೆಚ್ಚುತ್ತದೆಯೇ? (ಧಾರವಾಡ)

ಉತ್ತರ: ಕಡಿಮೆಯಾಗುತ್ತದೆ. ಹೂವಿಗೆ ಮುಂಚಿನ ಎರಡು ತಿಂಗಳು ಮರಕ್ಕೆ ಒಣ ನೆಲ ಮತ್ತು ತಂಪು ರಾತ್ರಿ ಬೇಕು. ಆಗ ನೀರು ಕೊಟ್ಟರೆ ಹೂವಿನ ಬದಲು ಎಲೆ ಚಿಗುರುತ್ತದೆ. ಹೀಚು ಬಟಾಣಿ ಕಾಳಿನ ಗಾತ್ರಕ್ಕೆ ಬಂದ ಮೇಲೆ ನೀರು ಆರಂಭಿಸಿ.

ಪ್ರಶ್ನೆ: ಮಲ್ಲಿಗೆ ಗಿಡದಲ್ಲಿ ಎರಡು ತಿಂಗಳಿಂದ ಬೆರಳೆಣಿಕೆಯಷ್ಟು ಹೂವು. ಮಾರುಕಟ್ಟೆಯಲ್ಲಿ ಅಟ್ಟೆಯ (ಪೋಣಿಸಿದ ಮಲ್ಲಿಗೆಯ ಕಟ್ಟಿನ) ದರ ಕೇಳುವಂತೆಯೇ ಇಲ್ಲ. ಮದುವೆಯ ಮನೆಯವರು ಬಂದು ಕೇಳುವಾಗ ಸಂಕೋಚವಾಗುತ್ತದೆ. ಏನು ಮಾಡಲಿ? (ಉಡುಪಿ)

ಉತ್ತರ: ಅಟ್ಟೆಯ ದರ ಏರುವುದೂ ನಿಮ್ಮ ಗಿಡ ಬರಿದಾಗಿರುವುದೂ ಒಂದೇ ಕಾರಣಕ್ಕೆ: ಮಲ್ಲಿಗೆ ಬೆಚ್ಚಗಿನ ದಿನಗಳ ಹೂವು, ಮಾಗಿಯಲ್ಲಿ ಅದಕ್ಕೆ ರಜೆ. ಆ ರಜೆಯನ್ನು ಸವರುವುದಕ್ಕೆ ಬಳಸಿಕೊಳ್ಳಿ. ಡಿಸೆಂಬರ್ ಆರಂಭದಿಂದ ಜನವರಿ ಮಧ್ಯದೊಳಗೆ ಕೆಲವು ದಿನ ನೀರು ಕಡಿಮೆ ಮಾಡಿ, ಗಿಡವನ್ನು ಒಂದೂವರೆ ಎರಡು ಅಡಿ ಎತ್ತರಕ್ಕೆ ಕತ್ತರಿಸಿ, ಒಣಗಿದ ಮತ್ತು ಒಂದಕ್ಕೊಂದು ಹೆಣೆದುಕೊಂಡ ಕಡ್ಡಿಗಳನ್ನು ತೆಗೆದು, ಬುಡ ಬಿಡಿಸಿ ಕಳಿತ ಹಟ್ಟಿಗೊಬ್ಬರ ಹಾಕಿ ನೀರು ಕೊಡಿ. ಮಲ್ಲಿಗೆ ಹೂವು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ಆದ್ದರಿಂದ ಕತ್ತರಿಗೆ ಕನಿಕರ ತೋರಿಸಿದವರಿಗೆ ಮಾರ್ಚ್ ತಿಂಗಳಲ್ಲಿ ಹೂವು ಕಡಿಮೆ. ಚಳಿಯಲ್ಲಿಯೂ ಮುಡಿಗೆ ಬಿಳಿ ಹೂವು ಬೇಕೆನ್ನುವವರು ಒಂದು ಕಾಕಡ ಬಳ್ಳಿ ಬೆಳೆಸಿಕೊಳ್ಳಬಹುದು. ಪರಿಮಳ ಹೆಸರಿಗಷ್ಟೇ, ಆದರೆ ಮಲ್ಲಿಗೆ ಮಲಗಿದಾಗ ಅದು ಎದ್ದಿರುತ್ತದೆ.

ಪ್ರಶ್ನೆ: ಬೆಳಗಿನ ಜಾವ ವಾಕಿಂಗ್ ಹೋಗುವವರು ಕೋಲಿಗೆ ಕೊಕ್ಕೆ ಕಟ್ಟಿಕೊಂಡು ಬಂದು ನಮ್ಮ ಕಾಂಪೌಂಡಿನೊಳಗಿನ ದಾಸವಾಳವನ್ನು ಕವರು ತುಂಬ ಕೊಯ್ದುಕೊಂಡು ಹೋಗುತ್ತಾರೆ. ಕೇಳಿದರೆ ‘ದೇವರಿಗಲ್ಲವೇ’ ಎನ್ನುತ್ತಾರೆ. ಧನುರ್ಮಾಸದಲ್ಲಂತೂ ನಮ್ಮ ದೇವರಿಗೇ ಹೂವಿಲ್ಲ. (ಬೆಂಗಳೂರು)

ಉತ್ತರ: ಇದು ತೋಟಗಾರಿಕೆಯ ಪ್ರಶ್ನೆಯಲ್ಲವಾದರೂ ಇದೇ ಅಳಲನ್ನು ಮೈಸೂರಿನಿಂದಲೂ ಹುಬ್ಬಳ್ಳಿಯಿಂದಲೂ ಬರೆದಿರುವುದರಿಂದ ಉತ್ತರಿಸುತ್ತಿದ್ದೇವೆ. ನೆಲಕ್ಕೆ ಉದುರಿದ ಪಾರಿಜಾತವನ್ನು ಆಯ್ದುಕೊಳ್ಳುವುದನ್ನು ಯಾರೂ ಆಕ್ಷೇಪಿಸುವುದಿಲ್ಲ. ಕೊಕ್ಕೆ ಹಾಕಿ ಎಳೆಯುವುದು ಬೇರೆ. ಎಳೆದಾಗ ಮುರಿಯುವುದು ಹೂವಿನ ತೊಟ್ಟಲ್ಲ, ಮುಂದಿನ ಮೂರು ವಾರಗಳ ಮೊಗ್ಗು ಹೊತ್ತ ಕೊಂಬೆ. ಓದುಗರೊಬ್ಬರು ಕಂಡುಕೊಂಡ ಉಪಾಯ ನಮಗೆ ಮೆಚ್ಚಿಗೆಯಾಯಿತು: ಅವರು ತಾವೇ ಆರು ಗಂಟೆಗೆ ಮುಂಚೆ ಕೊಯ್ದು, ತಮಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಗೇಟಿಗೆ ತೂಗುಹಾಕಿದ ಬಿದಿರುಬುಟ್ಟಿಯಲ್ಲಿ ಇಡುತ್ತಾರೆ. ದಾಸವಾಳ ಹೇಗೂ ಒಂದೇ ದಿನದ ಹೂವು, ಗಿಡದ ಮೇಲೆ ಬಿಟ್ಟರೂ ಮರುದಿನಕ್ಕೆ ಉಳಿಯುವುದಿಲ್ಲ. ಬುಟ್ಟಿ ಬಂದ ಮೇಲೆ ಕೊಕ್ಕೆಗಳು ಕಡಿಮೆಯಾದವಂತೆ. ಬುಟ್ಟಿಯೇ ಒಮ್ಮೆ ಕಾಣೆಯಾದದ್ದೂ ಉಂಟಂತೆ.

ಇದೇ ಪತ್ರದಲ್ಲಿ ನೀವು ಕೇಳಿರುವ ಇನ್ನೊಂದು ಮಾತು, ಕೇಳಿ ತಂದ ಕಡ್ಡಿ ಬದುಕುವುದಿಲ್ಲ, ಕದ್ದು ತಂದದ್ದೇ ಚಿಗುರುತ್ತದೆ ಎಂಬುದು ನಿಜವೇ ಎಂದು. ಕದ್ದವರು ಸಾಮಾನ್ಯವಾಗಿ ಮಳೆಗಾಲದಲ್ಲಿ, ಕೈಗೆ ಸಿಕ್ಕ ಬಲಿತ ಕೊಂಬೆಯನ್ನು ಮುರಿದು, ಮನೆಗೆ ಓಡಿ ಒಡನೆಯೇ ನೆಡುತ್ತಾರೆ. ಕೊಟ್ಟವರು ಎಳೆಯ ಹೂವಿನ ಕೊಂಬೆಯನ್ನು ಪ್ರೀತಿಯಿಂದ ಕತ್ತರಿಸಿಕೊಡುತ್ತಾರೆ, ಪಡೆದವರು ಅದನ್ನು ಎರಡು ದಿನ ಲೋಟದಲ್ಲಿ ಇಟ್ಟು ನೋಡುತ್ತಾರೆ. ವ್ಯತ್ಯಾಸ ಅಲ್ಲಿದೆ. ಮಾಗಿಯ ತಂಪಿನಲ್ಲಿ ದಾಸವಾಳದ ಕಡ್ಡಿ, ಕದ್ದದ್ದಾದರೂ ಕೇಳಿ ತಂದದ್ದಾದರೂ, ಬೇರು ಬಿಡಲು ಬಹಳ ದಿನ ತೆಗೆದುಕೊಳ್ಳುತ್ತದೆ. ಜೂನ್ ತನಕ ಕಾಯಿರಿ.

ಪ್ರಶ್ನೆ: ಮನೆ ಮುಂದಿನ ಮಳೆಮರ ಮತ್ತು ಹೊಂಗೆ ಎಲೆ ಉದುರಿಸಲು ಆರಂಭಿಸಿವೆ. ನೆರೆಯವರು ಗುಡಿಸಿ ಬೆಂಕಿ ಹಾಕಿ ಮೈ ಕಾಯಿಸಿಕೊಳ್ಳುತ್ತಾರೆ, ನನ್ನನ್ನೂ ಕರೆಯುತ್ತಾರೆ. ಹೊಗೆಯಿಂದ ನನಗೆ ಕೆಮ್ಮು. ಹೇಗೆ ಹೇಳುವುದು? (ಬೆಂಗಳೂರು)

ಉತ್ತರ: ಕಸವನ್ನು ಬೀದಿಯಲ್ಲಿ ಸುಡಬಾರದೆಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿವೆ, ಆದರೆ ಚಳಿ ಕಾಯಿಸುವವರ ಮುಂದೆ ನಿಯಮ ಓದಿದರೆ ಮುಂದಿನ ಮಾಗಿಯ ತನಕ ಮಾತು ನಿಲ್ಲುತ್ತದೆ. ಅದಕ್ಕಿಂತ, ಎಲೆಯನ್ನು ಅವರಿಗಿಂತ ಮುಂಚೆ ನೀವು ಗುಡಿಸಿಕೊಂಡುಬಿಡಿ. ಮಳೆಮರದ ಸಣ್ಣ ಎಲೆಗಳಂಥ ಗೊಬ್ಬರದ ಸಾಮಗ್ರಿ ಪೇಟೆಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಗೋಣಿಚೀಲದಲ್ಲಿ ಒಂದು ಅಡಿ ಎಲೆ ತುಂಬಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು, ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಸಗಣಿ ಬಗ್ಗಡ ಹಾಕಿ, ಮತ್ತೆ ಎಲೆ. ಹೀಗೆ ಬಾಯಿತನಕ ತುಂಬಿ ನೆರಳಿನಲ್ಲಿಡಿ. ಹಿಂಡಿದ ಬಟ್ಟೆಯಷ್ಟು ತೇವ ಸದಾ ಇರಬೇಕು. ಹದಿನೈದು ದಿನಕ್ಕೊಮ್ಮೆ ಚೀಲವನ್ನು ಉರುಳಿಸಿದರೆ ಒಳಗಿನದು ಮಗುಚುತ್ತದೆ. ಮುಂಗಾರಿನ ಹೊತ್ತಿಗೆ ಕಾಡಿನ ನೆಲದ ವಾಸನೆಯ ಕಪ್ಪು ಪುಡಿ ಕೈಗೆ ಬರುತ್ತದೆ. ಮಾವು, ಹಲಸಿನ ದಪ್ಪ ಎಲೆಗಳಿದ್ದರೆ ಹರಿದು ಹಾಕಿ. ನೀಲಗಿರಿ ಎಲೆ ಸೇರಿಸಬೇಡಿ.

ಚೀಲಕ್ಕೆ ಹಿಡಿಯದೆ ಉಳಿದ ತರಗನ್ನು ಕುಂಡಗಳ ಮೇಲೆ ಎರಡಂಗುಲ ದಪ್ಪಕ್ಕೆ ಹರಡಿ. ಅಡಿಕೆ ತೋಟಕ್ಕೆ ದರಗು ಹೊದಿಸುವ ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಪೇಟೆಯವರಾದ ನಮಗೆ ಮಾತ್ರ ಬರಿಯ ಮಣ್ಣು ಕಂಡರೆ ಸ್ವಚ್ಛವೆನಿಸುತ್ತದೆ.

ಪ್ರಶ್ನೆ: ತುಳಸಿ ಒಣಗುತ್ತಿದೆ. ಮನೆಗೆ ಕೇಡೆಂದು ನೆರೆಯವರು ಹೆದರಿಸಿದ್ದಾರೆ. (ದಾವಣಗೆರೆ)

ಉತ್ತರ: ಹೆದರಬೇಡಿ. ಕಾರ್ತಿಕದಲ್ಲಿ ಹೂವು ಬಿಟ್ಟು ಬೀಜ ಬಲಿತ ಮೇಲೆ ತುಳಸಿ ಸೊರಗುವುದು ಅದರ ಸ್ವಭಾವ. ಮಂಜರಿಗಳನ್ನು ಆಗಾಗ ಚಿವುಟಿ ತೆಗೆದರೆ ಗಿಡ ಇನ್ನೂ ಕೆಲಕಾಲ ನಿಲ್ಲುತ್ತದೆ. ಒಣಗಿದ ಮಂಜರಿಯನ್ನು ಅಂಗೈಯಲ್ಲಿ ಉಜ್ಜಿ ಕಾಗದದ ಪೊಟ್ಟಣದಲ್ಲಿ ಬೀಜ ಎತ್ತಿಡಿ, ಬಿಸಿಲು ಏರಿದ ಮೇಲೆ ಕಟ್ಟೆಯಲ್ಲಿ ಉದುರಿಸಿ.

ಪ್ರಶ್ನೆ: ಹೀರೆ, ಸೋರೆ, ಹಾಗಲದ ಬೀಜಗಳನ್ನು ಸಂಕ್ರಾಂತಿಗೆ ಮುಂಚೆಯೇ ಹಾಕಿದರೆ ಬೇಸಿಗೆಯಲ್ಲಿ ಎಲ್ಲರಿಗಿಂತ ಮೊದಲು ಕಾಯಿ ಸಿಗುವುದೆಂದು ಗೆಳೆಯರೊಬ್ಬರು ಹೇಳುತ್ತಾರೆ. ಎರಡು ಸಲ ಹಾಕಿದೆ, ಒಂದೂ ಮೊಳೆಯಲಿಲ್ಲ. ಬೀಜವೇ ಸರಿಯಿಲ್ಲವೇ? (ಚಿತ್ರದುರ್ಗ)

ಉತ್ತರ: ಬೀಜವನ್ನು ದೂರುವ ಮೊದಲು ಮಣ್ಣನ್ನು ಮುಟ್ಟಿ ನೋಡಿ. ಈ ಜಾತಿಯ ಬೀಜಗಳಿಗೆ ಬೆಚ್ಚಗಿನ ನೆಲ ಬೇಕು. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಅವು ಮೊಳೆಯುವುದಕ್ಕೆ ಮುಂಚೆ ಕೊಳೆಯುತ್ತವೆ, ಹಾಗಲದ ಗಟ್ಟಿ ಸಿಪ್ಪೆಯ ಬೀಜವಂತೂ ಬಹಳ ಬೇಗ ಕೆಡುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುವ ಮಾತನ್ನು ಬಿತ್ತನೆಯ ದಿನವೆಂದೇ ಇಟ್ಟುಕೊಳ್ಳಬಹುದು. ಈಗ ಖಾಲಿ ಇರುವ ಆ ಮಡಿಗೆ ಮೂಲಂಗಿ ಹಾಕಿ, 45 ದಿನಗಳಲ್ಲಿ ಕಿತ್ತು ಮುಗಿಯುತ್ತದೆ, ಬಳ್ಳಿಗಳಿಗೆ ಜಾಗವೂ ಬಿಡುವಾಗುತ್ತದೆ. ಜೊತೆಗೆ ಮೆಂತ್ಯ, ಸಬ್ಬಸಿಗೆ ಉದುರಿಸಿ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿ.

ಗೆಳೆಯರಿಗಿಂತ ಮೊದಲು ಕಾಯಿ ಕೊಯ್ಯಲೇಬೇಕೆಂಬ ಹಟವಿದ್ದರೆ ಇನ್ನೊಂದು ದಾರಿ ಇದೆ. ಹಾಗಲದ ಬೀಜದ ಚೂಪು ತುದಿಯನ್ನು ಉಗುರು ಕತ್ತರಿಯಿಂದ ತುಸು ಬಿಡಿಸಿ, ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಿ, ಫ್ರಿಜ್ಜಿನ ಹಿಂಬದಿ ಬೆಚ್ಚಗಿರುವ ಕಡೆಯೋ ಬಚ್ಚಲೊಲೆಯ ಗೋಡೆಯ ಗೂಡಿನಲ್ಲಿಯೋ ಇಡಿ. ನಾಲ್ಕೈದು ದಿನಗಳಲ್ಲಿ ಬಿಳಿ ಮೊಳಕೆ ಮೂಡುತ್ತದೆ. ಅದನ್ನು ಕಾಗದದ ಲೋಟದ ಮಣ್ಣಿನಲ್ಲಿ, ಮೊಳಕೆ ಕೆಳಮುಖವಾಗಿರುವಂತೆ ಇಟ್ಟು, ಹಗಲು ಬಿಸಿಲಿಗೆ ರಾತ್ರಿ ಒಳಗೆ ಎಂದು ಎರಡು ವಾರ ಎತ್ತಾಡಿದರೆ ಸಸಿ ಸಿದ್ಧವಾಗುತ್ತದೆ. ಒಂದು ದಿನ ಒಳಗೆ ತರಲು ಮರೆತರೆ ಗಿಡ ಸಾಯುವುದಿಲ್ಲ, ಮುನಿಸಿಕೊಂಡು ಒಂದು ವಾರ ಬೆಳೆಯದೆ ನಿಲ್ಲುತ್ತದೆ.